ಒಲೆ ಹೊತ್ತಿಸದ ಮನೆಯ ಒಗ್ಗರಣೆ

ದೆವ್ವ ಕಂಡೆ, ದೇವರು ಮೈಮೇಲೆ ಬಂತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಎದುರಿಗೇ ನಕ್ಕು ಬೈಸಿಕೊಂಡದ್ದೂ ಉಂಟು. ಅಂಥವಳ ಮನೆಯಲ್ಲೇ, ಅದೂ ಹಾಡುಹಗಲು, ನಡೆದದ್ದು ಇದು. ನೀವು ನಕ್ಕರೆ ನಗಿ, ನನಗೇನೂ ಬೇಜಾರಿಲ್ಲ.

ಐವತ್ತೇಳನೇ ಇಸವಿ. ಪರದೇಶದಿಂದ ಬಂದ ಫ್ಲೂ ಜ್ವರ ನಮ್ಮ ಸಿಂಗಟಗೆರೆಯನ್ನೂ ಬಿಡಲಿಲ್ಲ. ನಮ್ಮ ಯಜಮಾನರು ಲಕ್ಕವಳ್ಳಿಯಲ್ಲಿ ಅಣೆಕಟ್ಟೆ ಕೆಲಸದಲ್ಲಿದ್ದರು; ಅವರೂ ಅಲ್ಲಿ ಮಲಗಿದ್ದಾರೆಂದು ಕಾಗದ ಬಂದಿತ್ತು. ಇಲ್ಲಿ ಮೊದಲು ಅತ್ತೆ ಮಲಗಿದರು. ಅವರು ಏಳುವಷ್ಟರಲ್ಲಿ ನಾಲ್ಕು ವರ್ಷದ ಮಗ ಶಿವು ಮಲಗಿದ. ಓಡಾಡುತ್ತಿದ್ದವಳು ನಾನೊಬ್ಬಳೇ.

ಅತ್ತೆ ಒಳ್ಳೆಯವರೇ, ಆದರೆ ಮಹಾ ಹಠ. ಕಡೂರಿನ ಡಾಕ್ಟರು ಇದು ಬರೀ ಜ್ವರ ಎಂದರೂ ಅವರ ಪ್ರಕಾರ ಬಂದಿದ್ದವಳು ಸಿಡುಬಿನ ಅಮ್ಮನೇ. ಬಾಗಿಲಿಗೆ ಬೇವು ಕಟ್ಟಿಸಿದರು. ಒಗ್ಗರಣೆಯಂತೂ ಕೂಡದು, ಸಾಸಿವೆ ಸಿಡಿದ ವಾಸನೆಗೆ ಅಮ್ಮ ಮುನಿಯುತ್ತಾಳಂತೆ. ಇಡೀ ಬೀದಿ ಅವರ ಮಾತು ಕೇಳಿತು. ಮೂರು ವಾರ ಬರೀ ಗಂಜಿ.

ಜ್ವರ ಇಳಿದ ಮೇಲೂ ಶಿವು ಬಾಯಿ ತೆರೆಯಲಿಲ್ಲ. ಗಂಜಿ ಕುಡಿಸಿದರೆ ಉಗಿಯುತ್ತಿದ್ದ. ಮಗು ಕಡ್ಡಿಯಂತಾಗಿತ್ತು, ಉಳಿಯುತ್ತದೋ ಇಲ್ಲವೋ ಎಂದು ಅತ್ತೆಯೇ ಗೊಣಗತೊಡಗಿದ್ದರು. ನನಗೆ ನಿದ್ದೆಯಿಲ್ಲ, ಕಷ್ಟ ಕೇಳುವವರಿಲ್ಲ. ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಮನೆಯೆಲ್ಲ ಕೊಡ ಹುಡುಕುವಷ್ಟು ತಲೆ ಕೆಟ್ಟಿತ್ತು. ಆ ಮಧ್ಯಾಹ್ನ, ನಡುಮನೆಯ ಹಾಸಿಗೆಯಲ್ಲಿ ಅವನು ನಾಲ್ಕನೇ ಸಲ ಗಂಜಿ ಉಗಿದಾಗ ಕೆನ್ನೆಗೆ ಹೊಡೆದೇಬಿಟ್ಟೆ. "ಸತ್ತಾದ್ರೂ ಹೋಗು, ನನ್ ಕೈಲಾಗಲ್ಲ" ಎಂದೆ. ಅವನು ಅಳಲಿಲ್ಲ, ಅಳಲು ತ್ರಾಣವಾದರೂ ಎಲ್ಲಿತ್ತು? ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತು ನೀರು ನೋಡಿದೆ. ಏನೇನು ಯೋಚಿಸಿದೆನೆಂದು ಬರೆಯಲಾರೆ.

ಎಷ್ಟು ಹೊತ್ತಾಗಿತ್ತೋ, ಒಳಗಿನಿಂದ ಅತ್ತೆಯ ಕೂಗು ಕೇಳಿತು. "ಲೇ, ಯಾಕೇ ಒಗ್ಗರಣೆ ಹಾಕ್ದೆ? ಮನೆ ಹಾಳ್ ಮಾಡ್ಬಿಟ್ಟಲ್ಲೇ!" ಅಷ್ಟರಲ್ಲಿ ಪಕ್ಕದ ಮನೆಯ ಗೌರಕ್ಕ ಗೋಡೆಯಾಚೆಯಿಂದ ಇಣುಕಿ, "ಏನ್ ಕಣೇ, ಬೆಳ್ಳುಳ್ಳಿ ಘಮ್ ಅಂತೈತೆ! ನಿಮ್ಮತ್ತೆ ಒಪ್ಪಿದ್ರಾ?" ಎಂದಳು. ನನಗೆ ಯಾವ ವಾಸನೆಯೂ ಬರಲಿಲ್ಲ. ಅಡುಗೆಮನೆಗೆ ಓಡಿದೆ. ಬೆಳಿಗ್ಗೆ ಗಂಜಿ ಕಾಯಿಸಿದ ಒಲೆ ತಣ್ಣಗಿತ್ತು. ಒಗ್ಗರಣೆ ಸೌಟು ಮೂರು ವಾರದ ಧೂಳು ಹೊತ್ತು ಮೊಳೆಯಲ್ಲೇ ನೇತಾಡುತ್ತಿತ್ತು.

ಹಾಸಿಗೆಯಲ್ಲಿ ಶಿವು ಎದ್ದು ಕೂತಿದ್ದ. "ಅವ್ವಾ, ಹುರುಳಿ ಸಾರಾ? ನಂಗೂ ಹಾಕು."

ಮುನಿಯುವವಳು ಮುನಿದುಕೊಳ್ಳಲಿ ಎಂದು ಒಲೆ ಹೊತ್ತಿಸಿದೆ. ಅತ್ತೆಯೇ ಬೆಳ್ಳುಳ್ಳಿ ಸುಲಿದುಕೊಟ್ಟರು. ಹುರುಳಿ ಬೇಯುವವರೆಗೂ ಶಿವು ಅವರ ತೊಡೆಯ ಮೇಲೆ ಕೂತು, ಆಯ್ತಾ, ಆಯ್ತಾ ಎಂದು ಪ್ರಾಣ ತಿಂದ. ಎರಡು ಸಲ ಅನ್ನ ಸಾರು ಹಾಕಿಸಿಕೊಂಡು ಉಂಡ. ಅಬ್ಬಾ, ಅಂಥ ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ನನಗೂ ಜ್ವರ ತಗುಲಿ ಮೂಗು ಕಟ್ಟಿರಬಹುದು, ಒಪ್ಪುತ್ತೇನೆ. ಆದರೆ ವಾಸನೆ ಬಂದದ್ದೆಲ್ಲಿಂದ? ಗೌರಕ್ಕ ಬೀದಿಯ ಅಡುಗೆಮನೆಗಳನ್ನೆಲ್ಲ ಜಾಲಾಡಿದಳು, ಎಲ್ಲೂ ಸಾಸಿವೆ ಸಿಡಿದಿರಲಿಲ್ಲ. ಅತ್ತೆಯಂತೂ ಸಾಯುವವರೆಗೂ, "ಕದ್ದು ಹಾಕ್ದೋಳು ನೀನೇ, ಒಪ್ಕೊಂಡ್ಬಿಡೇ" ಎಂದು ನಗುತ್ತಿದ್ದರು.

ಶಿವುಗೆ ಈಗ ಅವನದೇ ಮಕ್ಕಳಿದ್ದಾರೆ. ಮೊನ್ನೆ ಧೈರ್ಯ ಮಾಡಿ, ಅವತ್ತು ನಾನು ಹೊಡೆದದ್ದು ನೆನಪಿದೆಯೇನೋ ಎಂದು ಕೇಳಿದೆ.

"ನೀನೆಲ್ಲವ್ವಾ ಹೊಡ್ದೆ? ನೀನು ಒಲೆ ಮುಂದೆ ಕೂತು ಒಗ್ಗರಣೆ ಹಾಕ್ತಿದ್ದೆ. ನಾನ್ ಮಲಗಿದ್ದಲ್ಲಿಂದ್ಲೇ ನೋಡ್ತಿದ್ದೆ. ಒಂದ್ಸಲ ತಿರುಗಿ ನಕ್ಕೆ ಕೂಡ" ಎಂದ.

ನಾನು ಬಾವಿಕಟ್ಟೆಯ ಮೇಲಿದ್ದೆ ಎಂದು ಅವನಿಗೆ ಹೇಳಲಿಲ್ಲ.