ಸಾರುವ ನಲ್ಲಪ್ಪನೂ ಅವಸರವಿಲ್ಲದ ಬಾವಿಯೂ

ನಗರಗೆರೆ ಹೋಬಳಿಯಲ್ಲಿ, ಆಂಧ್ರದ ಗಡಿಗೆ ಕೂಗಳತೆಯಲ್ಲಿ, ಚಿಂತಮಾಕಲಪಲ್ಲಿ ಎಂಬ ಊರಿತ್ತು. ಸರ್ಕಾರದ ಕಾಗದದಲ್ಲಿ ಅದು ಕನ್ನಡದ ಊರು, ಮನೆಗಳ ಒಳಗೆ ತೆಲುಗಿನ ಊರು. ಕಾಗದಕ್ಕೂ ಮನೆಗೂ ನಡುವೆ ಓಡಾಡುತ್ತಿದ್ದವನು ತೋಟಿ ನಲ್ಲಪ್ಪ. ತಮಟೆ ಬಡಿದು ಊರಿಗೆ ಸುದ್ದಿ ಸಾರುವುದು ಅವನ ಕೆಲಸ; ಅವನಪ್ಪನ ಕೆಲಸವೂ ಅದೇ ಆಗಿತ್ತು. ಶಾನುಭೋಗ ಚನ್ನಕೇಶವಯ್ಯನವರು ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಓದುತ್ತಿದ್ದರು. ನಲ್ಲಪ್ಪ ಜಗಲಿಯ ಕೆಳಗೆ ನಿಂತು ಒಂದು ಸಲ ಕೇಳಿಸಿಕೊಂಡರೆ ಮುಗಿಯಿತು, ಊರ ತುಂಬ ಅದನ್ನು ತೆಲುಗಿನಲ್ಲಿ ಸಾರಿ ಬರುತ್ತಿದ್ದ.

ಅವನಿಗೆ ಅಕ್ಷರ ಬಾರದು. ಆದರೆ ಕೇಳಿದ್ದರಲ್ಲಿ ಒಂದು ಮಾತು ಬಿಟ್ಟವನಲ್ಲ, ಒಂದು ಮಾತು ಸೇರಿಸಿದವನೂ ಅಲ್ಲ. "ಸುದ್ದಿ ಸರ್ಕಾರದ್ದು, ನಂದು ಬರೀ ಗಂಟಲು" ಎನ್ನುತ್ತಿದ್ದ. ಊರಿನಲ್ಲಿ ಯಾವ ಗುಲ್ಲೆದ್ದರೂ ಜನ ಮೊದಲು ಕೇಳುತ್ತಿದ್ದದ್ದು "ನಲ್ಲಪ್ಪ ಸಾರಿದನಾ?" ಎಂದು. ಅವನನ್ನು ಜಗಲಿ ಹತ್ತಿಸದವರೂ ಅವನ ಮಾತನ್ನು ಮಾತ್ರ ನಡುಮನೆಯವರೆಗೆ ಬಿಟ್ಟುಕೊಳ್ಳುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ನಲ್ಲಪ್ಪನಿಗೆ ಕೈತುಂಬ ಕೆಲಸ. ಮೊದಲಾದರೆ ಕಂದಾಯದ ಗಡುವು, ತಪ್ಪಿಸಿಕೊಂಡ ಎಮ್ಮೆ, ಇಷ್ಟೇ. ಈಗ ಕಾಯಿದೆಗಳು ಬರತೊಡಗಿದವು. ನಯಾಪೈಸೆ ಬಂತು, ಸಾರಿದ. ಸೇರು ಹೋಗಿ ಕಿಲೋ ಬರುತ್ತದೆ ಎಂದರು, ಅದನ್ನೂ ಸಾರಿದ. ಐವತ್ತೈದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿದೆ ಬಂತು: ಅಸ್ಪೃಶ್ಯತೆ ಅಪರಾಧ, ಊರ ಬಾವಿ ಎಲ್ಲರಿಗೂ ಸೇರಿದ್ದು. ಇದನ್ನು ಸಾರಲು ನಲ್ಲಪ್ಪ ಬೆಳಿಗ್ಗೆಯೇ ತಲೆಗೆ ಒಗೆದ ಬಟ್ಟೆ ಸುತ್ತಿಕೊಂಡು ಊರ ಬಾವಿಯ ಮುಂದೆ ನಿಂತ. ಪಟೇಲ ಮುನಿವೆಂಕಟಪ್ಪನವರು ಪೂರ್ತಿ ಕೇಳಿಸಿಕೊಂಡು ತಲೆದೂಗಿದರು.

"ಒಳ್ಳೇ ಕಾಯಿದೆ ಕಣಪ್ಪ. ಹೆಂಗಸ್ರು ನೀರು ಸೇದ್ತವ್ರೆ, ಒಂಚೂರು ದೂರ ನಿಂತ್ಕಂಡು ಸಾರು" ಎಂದರು.

ನಲ್ಲಪ್ಪ ದೂರ ನಿಂತು ಸಾರಿದ. ಎಷ್ಟು ದೂರದಿಂದ ಸಾರಿದರೂ ಕೇಳಿಸುವಂಥ ಗಂಟಲು ಅವನದು, ಅದು ಕಾಯಿದೆಯ ಪುಣ್ಯ.

ಕಾಯಿದೆ ಬಂದು ನಾಲ್ಕು ವರ್ಷವಾದರೂ ಅವನ ಹೆಂಡತಿ ಲಕ್ಷ್ಮಿದೇವಮ್ಮ ನೀರಿಗೆ ಹೋಗುತ್ತಿದ್ದದ್ದು ಹಳ್ಳದ ಒರತೆಗೇ. ಮರಳು ತೋಡಿ, ಕೆಸರು ತಿಳಿಯಾಗುವವರೆಗೆ ಕುಕ್ಕರುಗಾಲಲ್ಲಿ ಕಾದು, ತೆಂಗಿನ ಕರಟದಿಂದ ಮೊಗೆದು ಮೊಗೆದು ಕೊಡ ತುಂಬಬೇಕು. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಅರ್ಧ ಬೆಳಗು ಹೋಗುತ್ತಿತ್ತು. "ಊರಿಗೆಲ್ಲ ಕಾಯಿದೆ ಹಂಚ್ತೀಯ, ಮನೇಗೆ ಒಂದ್ ಕೊಡ ನೀರು ಹಂಚಕ್ಕಾಗಲ್ಲ ನಿನ್ನ ತಮಟೇಗೆ" ಎಂದು ಅವಳು ಅನ್ನುತ್ತಿದ್ದಳು. ಆ ಮಾತು ಅವನನ್ನು ಚುಚ್ಚುತ್ತಿತ್ತು, ಯಾಕೆಂದರೆ ಅದು ನಿಜವಾಗಿತ್ತು.

ಈ ನಡುವೆ ಊರಿಗೆ ಹೊಸ ಶಾಸಕರು ಬಂದಿದ್ದರು. ಬೆಂಗಳೂರಿನಲ್ಲಿ ವಕೀಲಿಕೆ ಮಾಡಿಕೊಂಡಿದ್ದವರು. ಪಕ್ಷದವರು ಕೊಟ್ಟ ಟಿಕೆಟ್ಟು ಈ ಕಡೆಯದಾಗಿದ್ದರಿಂದ ಇಲ್ಲಿ ಇಳಿದಿದ್ದರು. ಅವರಿಗೆ ಬರುತ್ತಿದ್ದ ತೆಲುಗು ಒಂದೇ ಪದ, ಚೆನ್ನಾಗಿದೆ ಎನ್ನುವ "ಬಾಗುಂದಿ". ಹೋಳಿಗೆಗೂ ಹರಕಲು ಶಾಲೆಗೂ ಅದನ್ನೇ ಬಳಸುತ್ತಿದ್ದರು. ಆದರೆ ಮನುಷ್ಯ ಕ್ರಮಬದ್ಧ. ಮೂರು ತಿಂಗಳಿಗೊಮ್ಮೆ ಗುಲಾಬಿ ಬಣ್ಣದ ಕಾಗದದಲ್ಲಿ "ಕ್ಷೇತ್ರದ ಮಹಾಜನರಿಗೆ ಶಾಸಕರ ನಿವೇದನೆ" ಎಂದು ಅಚ್ಚು ಹಾಕಿಸಿ ಹಳ್ಳಿಹಳ್ಳಿಗೂ ಕಳಿಸುತ್ತಿದ್ದರು. ಯಾವ ಊರಿಗೆ ಯಾವ ಹಣ ಮಂಜೂರಾಗಿದೆ, ಯಾವ ಹೊಸ ಕಾಯಿದೆ ಬಂದಿದೆ, ಎಲ್ಲ ಅದರಲ್ಲಿ ಇರುತ್ತಿತ್ತು. ಅದರಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಮಾತೆಂದರೆ "ಪರಿಶೀಲನೆಯಲ್ಲಿದೆ".

ಈ ಮಾತಿಗೆ ತೆಲುಗಿನಲ್ಲಿ ಏನು ಹೇಳಬೇಕೋ ನಲ್ಲಪ್ಪನಿಗೆ ತಿಳಿಯದು. ಹಾಗಾಗಿ ಇದ್ದ ಹಾಗೇ ಸಾರಿಬಿಟ್ಟ. ಊರಿನವರು ಪರಿಶೀಲನೆ ಎಂದರೆ ಬೆಂಗಳೂರಿನ ಆಚೆ ಎಲ್ಲೋ ಒಂದು ದೊಡ್ಡ ಊರಿರಬೇಕು ಎಂದುಕೊಂಡರು. ನಮ್ಮ ರಸ್ತೆ ಪರಿಶೀಲನೆಯಲ್ಲಿದೆ, ಸೇತುವೆಯೂ ಅಲ್ಲೇ ಇದೆ, ಶಾಲೆಯ ಹೆಂಚು ಮೊನ್ನೆ ತಾನೇ ಅಲ್ಲಿಗೆ ಹೋಯಿತು. ಪಟೇಲರ ತಾಯಿ ಅಕ್ಕಯ್ಯಮ್ಮ ಒಂದು ದಿನ, "ಅಲ್ಲಿಗೆ ಹೋಗಕ್ಕೆ ತೊಂಡೇಬಾವಿಯಾಗೆ ರೈಲು ಹತ್ತಬೇಕಾ, ಬಸ್ಸು ಐತಾ?" ಎಂದು ಕೇಳಿಯೇ ಬಿಟ್ಟರು.

ಐವತ್ತೊಂಬತ್ತರ ದೀಪಾವಳಿ ಕಳೆದು ಬಂದ ಗುಲಾಬಿ ಕಾಗದದಲ್ಲಿ ಮಾತ್ರ ಬೇರೆ ಸುದ್ದಿಯಿತ್ತು. ಶಾನುಭೋಗರು ಎಂದಿನಂತೆ ರಾಗವಾಗಿ ಓದಿದರು: "ಚಿಂತಮಾಕಲಪಲ್ಲಿಯ ಹರಿಜನ ಕೇರಿಗೆ ಕುಡಿಯುವ ನೀರಿನ ಬಾವಿ ಮಂಜೂರಾಗಿದೆ. ಅರ್ಜಿಗೆ ಅವಸರವಿಲ್ಲ. ಮಾರ್ಚಿ ಕೊನೆಯವರೆಗೆ ಕಾಲಾವಕಾಶವಿದೆ."

ಅಂದು ನಲ್ಲಪ್ಪ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ್ದು ಎರಡು ಸಲ. ಮೊದಲು ಸಾರಿದ್ದೂ ಅವನ ಕೇರಿಯಲ್ಲೇ. "ಬಾವಿ ಮಂಜೂರು! ಅರ್ಜೀ ಅವಸರಂ ಲೇದು! ಮಾರ್ಚಿ ಆಖರು ದಾಕಾ ಟೈಮುಂದಿ!"

ಅವಸರ ಎಂದರೆ ಕನ್ನಡದಲ್ಲಿ ಆತುರ. ಅದೇ ಪದ ಗಡಿ ದಾಟಿ ತೆಲುಗಿಗೆ ಹೋದರೆ ಅಗತ್ಯ ಎಂದಾಗುತ್ತದೆ. ಶಾಸಕರು ಹೇಳಿದ್ದು, ಅರ್ಜಿ ಹಾಕಿ, ಆದರೆ ಆತುರಪಡಬೇಡಿ ಎಂದು. ಕೇರಿ ಕೇಳಿಸಿಕೊಂಡದ್ದು, ಅರ್ಜಿಯೇ ಬೇಕಾಗಿಲ್ಲ, ಮಾರ್ಚಿಯೊಳಗೆ ಬಾವಿ ತಾನಾಗಿಯೇ ಬರುತ್ತದೆ ಎಂದು. ಅರ್ಜಿಯಿಲ್ಲದೆ ಸರ್ಕಾರ ಕೆಮ್ಮುವುದೂ ಇಲ್ಲ ಎಂದು ಗೊತ್ತಿದ್ದವರೂ ಈ ಸಲ ನಂಬಿದರು. ಸಾರಿದವನು ನಲ್ಲಪ್ಪನಲ್ಲವೇ?

ಲಕ್ಷ್ಮಿದೇವಮ್ಮ ಹೊಂಗೆಮರದ ಪಕ್ಕ ಜಾಗ ಗೊತ್ತುಮಾಡಿದಳು. ಕಲ್ಲುಮುಳ್ಳು ಆರಿಸಿ ಹಾಕಿ, ದಿನಾ ಗುಡಿಸಿ, ಅಲ್ಲಿಗೆ ಕೋಳಿಗಳನ್ನೂ ಬಿಡಲಿಲ್ಲ. ಗಂಡನ ಮೇಲೆ ಅವಳಿಗೆ ಎಂದೂ ಇಲ್ಲದ ಗೌರವ ಬಂದಿತ್ತು. ಮಾರ್ಚಿ ಬಂತು, ಮಾರ್ಚಿ ಹೋಯಿತು. ಬಾವಿ ಬರಲಿಲ್ಲ, ಗುಲಾಬಿ ಕಾಗದ ಬಂತು.

"ಚಿಂತಮಾಕಲಪಲ್ಲಿಯ ಹರಿಜನ ಬಂಧುಗಳಿಂದ ಅರ್ಜಿ ಬಾರದ ಕಾರಣ, ಅಲ್ಲಿ ನೀರಿನ ಕೊರತೆ ನೀಗಿದೆಯೆಂದು ತಿಳಿದು ಹರ್ಷವಾಗಿದೆ. ಸದರಿ ಹಣವನ್ನು ಪಟ್ಟಣದ ಉದ್ಯಾನದ ಕಾರಂಜಿಗೆ ವಿನಿಯೋಗಿಸಲಾಗಿದೆ" ಎಂದು ಓದಿ ಶಾನುಭೋಗರು ತಲೆಯೆತ್ತಿದರು. ನಲ್ಲಪ್ಪ ಅಲ್ಲಾಡದೆ ನಿಂತಿದ್ದ.

"ಅರ್ಜಿ ಅವಸರಂ ಇಲ್ಲ ಅಂತ ನೀವೇ ಓದಿದ್ರಲ್ಲ ಸ್ವಾಮಿ?"

"ಹೌದು ಕಣೋ, ಅವಸರ ಇಲ್ಲ ಅಂದೆ. ನಿಧಾನಕ್ಕೆ ಹಾಕ್ಕಳ್ಳಿ ಅಂತ. ಬೇಕಾಗಿಲ್ಲ ಅಂತ ಯಾವಾಗಂದೆ?" ಎಂದವರು ಅರ್ಧಕ್ಕೇ ನಿಲ್ಲಿಸಿದರು. ಅವರಿಗೂ ತೆಲುಗು ಚೆನ್ನಾಗಿ ಬರುತ್ತಿತ್ತು. "ನೀನು ತೆಲುಗಲ್ಲಿ ಹೆಂಗೆ ಸಾರಿದೆಯೋ?"

"ಅದೇ ಮಾತು ಸ್ವಾಮಿ. ಒಂದಕ್ಷರ ಬದಲಾಯಿಸ್ಲಿಲ್ಲ."

ತಪ್ಪು ಯಾರದೆಂದು ಹೇಳುವುದು ಕಷ್ಟವಿತ್ತು. ನೀರಿಲ್ಲದೆ ಹೋದದ್ದು ಯಾರ ಕೇರಿಗೆ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ಶಾನುಭೋಗರು, "ಈ ಒಂದು ಕಾಗದ ಸಾರದಿದ್ದರೂ ನಡೀತದೆ ನಲ್ಲಪ್ಪ" ಎಂದರು. ನಲ್ಲಪ್ಪ ಒಪ್ಪಲಿಲ್ಲ. ತನ್ನ ಕೇರಿಗೆ ಹೋಗಿ, ನಮಗೆ ನೀರಿನ ಕೊರತೆ ನೀಗಿರುವುದರಿಂದ ಶಾಸಕರಿಗೆ ಹರ್ಷವಾಗಿದೆ ಎಂದು ಸಾರಿದ. ಯಾರೂ ಬಯ್ಯಲಿಲ್ಲ. ಲಕ್ಷ್ಮಿದೇವಮ್ಮ ಕೊಡ ತೆಗೆದುಕೊಂಡು ಹಳ್ಳದ ಕಡೆ ಹೊರಟಳು, ಗುಡಿಸಿಟ್ಟ ಜಾಗವನ್ನು ಸುತ್ತಿಹಾಕಿಕೊಂಡು, ತುಳಿಯದೆ. ಅದನ್ನು ನೋಡಿದ ನಲ್ಲಪ್ಪ, ನಿಯತ್ತಿನ ಗಂಟಲಿನಿಂದ ತನ್ನವರ ಬಾಯಿಗೇ ಮಣ್ಣು ಹಾಕಿದೆನಲ್ಲ ಎಂದು ಸಂಕಟಪಟ್ಟ.

ಮೇ ತಿಂಗಳಲ್ಲಿ ಪಂಚಾಯಿತಿಯ ರೇಡಿಯೋ ಉದ್ಘಾಟಿಸಲು ಶಾಸಕರೇ ಊರಿಗೆ ಬಂದರು. ಜೊತೆಯಲ್ಲಿ ಧಾರವಾಡದ ಕಡೆಯ ಬಿ.ಡಿ.ಓ. ಸಾಹೇಬರು, ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಪತ್ರಿಕೆಯವನು. ಚಾವಡಿಯ ಮುಂದೆ ಚಪ್ಪರ ಹಾಕಿದ್ದರು. ಶಾಸಕರು ಕನ್ನಡದಲ್ಲಿ ಒಂದೊಂದು ಮಾತು ಆಡುವುದು, ನಲ್ಲಪ್ಪ ಕೆಳಗೆ ನಿಂತು ತೆಲುಗಿನಲ್ಲಿ ಸಾರುವುದು ಎಂದು ಗೊತ್ತಾಗಿತ್ತು. ಪಂಚವಾರ್ಷಿಕ ಯೋಜನೆ ಆಯಿತು, ಹೊಸ ಪಂಚಾಯಿತಿ ಕಾಯಿದೆ ಆಯಿತು, ಕಾರಂಜಿಯ ಸೊಬಗೂ ಆಯಿತು. ಬಿಸಿಲಿಗೆ ಜನ ತೂಕಡಿಸುತ್ತಿದ್ದರು. ಕೊನೆಗೆ ಶಾಸಕರು ಲೋಟದ ನೀರು ಕುಡಿದು ಹೇಳಿದರು: "ಹರಿಜನ ಬಂಧುಗಳ ಬಾವಿಯ ವಿಷಯ ಮತ್ತೆ ಪರಿಶೀಲನೆಯಲ್ಲಿದೆ. ಯಾರೂ ಅವಸರಪಡಬೇಕಾಗಿಲ್ಲ."

ನಲ್ಲಪ್ಪ ಬಾಯಿ ತೆರೆದ. ಜನರ ಕಡೆ ನೋಡಿದ. ಚಪ್ಪರದ ಆಚೆ ಬಿಸಿಲಿನಲ್ಲಿ ನಿಂತ ಕೇರಿಯವರ ನಡುವೆ ಲಕ್ಷ್ಮಿದೇವಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು. ಮೂವತ್ತು ವರ್ಷ ಒಂದು ಮಾತು ಆಚೀಚೆ ಮಾಡದವನು ತಮಟೆಯನ್ನು ಮೂರು ಸಲ ಬಡಿದು, ಊರೆಲ್ಲ ಬೆಚ್ಚಿ ಏಳುವಂತೆ ತೆಲುಗಿನಲ್ಲಿ ಸಾರಿದ: ಕೆಳಗಿನ ಕೇರಿಗೆ ಬಾವಿ ಅವಸರವೆಂದು ಶಾಸಕರು ಕಂಡುಕೊಂಡಿದ್ದಾರೆ, ಈಗಲೇ ಹೊಂಗೆಮರದ ಹತ್ತಿರ ಬಂದು ತಮ್ಮ ಕೈಯಾರೆ ಮೊದಲ ಗುದ್ದಲಿ ಹಾಕುತ್ತಾರೆ!

ಕೇರಿ ಹೋ ಎಂದಿತು. ಚಪ್ಪಾಳೆ ನಿಲ್ಲಲೇ ಇಲ್ಲ. "ಪರಿಶೀಲನೆ" ಎಂಬ ಮಾತಿಗೆ ಇಂಥ ಚಪ್ಪಾಳೆ ಶಾಸಕರಿಗೆ ವಿಧಾನಸಭೆಯಲ್ಲೂ ಬಿದ್ದಿರಲಿಲ್ಲ. ಹಿಗ್ಗಿ ಎದ್ದು ನಿಂತು, "ಬಾಗುಂದಿ, ಬಾಗುಂದಿ" ಎಂದು ಕೈಮುಗಿದರು. ಪಟೇಲರು ಕುರ್ಚಿಯಿಂದ ಅರ್ಧ ಎದ್ದರು. ಶಾಸಕರು ಕೈಮುಗಿಯುತ್ತಿರುವಾಗ ತಾನು ಏನು ಹೇಳುವುದೆಂದು ಹೊಳೆಯದೆ ಮತ್ತೆ ಕೂತರು. ಬಿ.ಡಿ.ಓ. ಸಾಹೇಬರಿಗೆ ಮಾತ್ರ ಅನುಮಾನ ಬಂತು. ಶಾನುಭೋಗರ ಕಡೆ ಬಾಗಿ, "ಏನಂದ್ರೀ ಅಂವಾ?" ಎಂದು ಕೇಳಿದರು.

ನಲ್ಲಪ್ಪ ಶಾನುಭೋಗರನ್ನೇ ನೋಡುತ್ತಿದ್ದ. ಒಂದು ಮಾತು ಸಾಕಾಗಿತ್ತು, ಅವನ ಹೆಸರು, ಕೆಲಸ, ಬಾವಿ ಎಲ್ಲ ಮುಗಿದುಹೋಗಲು. ಚನ್ನಕೇಶವಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ಯಥಾವತ್ತಾಗಿ ಸಾರಿದ ಸ್ವಾಮಿ. ಒಂದಕ್ಷರ ಬದಲಾಯಿಸ್ಲಿಲ್ಲ" ಎಂದರು.

ಅಷ್ಟರಲ್ಲಿ ಕೇರಿಯವರು ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ ತಂದಾಗಿತ್ತು. ಇದು ಈ ಕಡೆಯ ಸಂಪ್ರದಾಯವಿರಬೇಕು ಎಂದುಕೊಂಡ ಶಾಸಕರು ಮೆರವಣಿಗೆಯ ಹಿಂದೆ ನಡೆದರು. ಪತ್ರಿಕೆಯವನು ಕ್ಯಾಮೆರಾ ಎತ್ತಿದ್ದನ್ನು ಕಂಡ ಮೇಲೆ ಸಂಪ್ರದಾಯ ಅವರಿಗೆ ಇನ್ನೂ ಇಷ್ಟವಾಯಿತು. ಗುಡಿಸಿಟ್ಟ ಜಾಗದಲ್ಲಿ ಒಂದಲ್ಲ, ಮೂರು ಗುದ್ದಲಿ ಮಣ್ಣು ಎತ್ತಿದರು, ಫೋಟೋ ಸರಿಯಾಗಿ ಬರಲೆಂದು. ನಾಲ್ಕನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬಂತು: ಹರಿಜನರಿಗಾಗಿ ಶಾಸಕರ ಶ್ರಮದಾನ. ಪತ್ರಿಕೆಯಲ್ಲಿ ಬಂದ ಮೇಲೆ ಬಾವಿಯನ್ನು ಪರಿಶೀಲನೆಗೆ ಕಳಿಸುವಂತಿರಲಿಲ್ಲ. ಆ ವರ್ಷ ದಸರೆಗೆ ಮುಂಚೆ ಮೂವತ್ತಡಿಯಲ್ಲಿ ನೀರು ಕಂಡಿತು, ಸಿಹಿನೀರು.

ಅದರ ಹಿಂದೆಯೇ ಗುಲಾಬಿ ಕಾಗದವೂ ಬಂತು. ಶಾನುಭೋಗರು ಓದಿದರು, ನಲ್ಲಪ್ಪ ಕೇಳಿಸಿಕೊಂಡ. ನೇರ ಬಾವಿಯ ಕಟ್ಟೆಗೆ ಬಂದು, ಬೊಗಸೆ ನೀರು ಕುಡಿದು ಗಂಟಲು ಸರಿಮಾಡಿಕೊಂಡು ಸಾರಿದ: ಈ ಊರಿನ ಹರಿಜನರು ಕೇಳದಿದ್ದರೂ, ಅರ್ಜಿ ಕೊಡದಿದ್ದರೂ, ಶಾಸಕರು ತಮ್ಮ ದೂರದೃಷ್ಟಿಯಿಂದ ಹಗಲಿರುಳು ದುಡಿದು ಈ ಬಾವಿಯನ್ನು ಕರುಣಿಸಿದ್ದಾರೆ. ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ.

ಲಕ್ಷ್ಮಿದೇವಮ್ಮ ಹಗ್ಗ ಕೈಯಲ್ಲಿ ಹಿಡಿದು ಕೇಳುತ್ತಿದ್ದವಳು, "ಇದೆಲ್ಲ ಸುಳ್ಳಲ್ವಾ? ಇದನ್ಯಾಕೆ ಸಾರ್ತೀಯ?" ಎಂದಳು.

"ಸುಳ್ಳು ಅವರದು, ನಂದು ಬರೀ ಗಂಟಲು" ಎಂದ ನಲ್ಲಪ್ಪ. ತಮಟೆಯನ್ನು ಹೆಗಲಿಗೇರಿಸಿಕೊಂಡು ಬಾವಿಯೊಳಕ್ಕೆ ಒಮ್ಮೆ ಬಗ್ಗಿ ನೋಡಿದ. "ಅವರು ಎಷ್ಟು ಸುಳ್ಳು ಹೇಳಿದ್ರೂ ಕಾಗದದಾಗೇ ಉಳೀತು ಕಣೇ. ನಾನು ಹೇಳಿದ್ದು ಒಂದೇ ಒಂದು. ಅದ್ರಾಗೆ ನೀರು ಬಂತು."

ಅವಳು ಕೊಡ ಇಳಿಸಿದಳು.