ಎಡದೆತ್ತು

ಸುರೇಖಾ ಎಡಚಿ. ಝಳಕಿಯ ಕುಂಬಾರ ಓಣಿಯಲ್ಲಿ ಬೆಳೆದ ಅವಳಿಗೆ ಊಟಕ್ಕೆ ಕೂತಾಗಲೆಲ್ಲ ಅಜ್ಜಿಯಿಂದ ಎಡಗೈಗೆ ಏಟು ಬೀಳುತ್ತಿತ್ತು. ಮಣ್ಣಿನ ಮುಂದೆ ಕೂತಾಗ ಮಾತ್ರ ಅಪ್ಪ ಯಾರಿಗೂ ಬೈಯಲು ಬಿಡುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ-ಮಗಳು ಸೇರಿ ಮಾಡುವ ಜೋಡೆತ್ತುಗಳು ಒಂದರ ಕಡೆಗೊಂದು ಸ್ವಲ್ಪ ಕತ್ತು ಹೊರಳಿಸಿ ನಿಲ್ಲುತ್ತಿದ್ದವು. ಹಾಗಾಗಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಡಲು ಬರುತ್ತಿರಲಿಲ್ಲ. ಬಲದೆತ್ತು ಅಪ್ಪನದು, ಎಡದೆತ್ತು ಮಗಳದು. "ಎಡಚಿ ಕೈಯಾಗ ಎಡದೆತ್ತು ತಾನ ಎದ್ದು ನಿಂದರತೈತಿ," ಎನ್ನುತ್ತಿದ್ದ.

ಅದೇ ಕೈ ಮುಂದೆ ಡೈನೋಸಾರಿನ ಎಲುಬು ಮಾಡಿತು. ಗಂಡ ರೇವಣಪ್ಪನದು ಸಿಂದಗಿಯಲ್ಲಿ ಫೈಬರ್ ಕೆಲಸದ ಶೆಡ್ಡು. ಮೊದಲು ಉದ್ಯಾನಗಳಿಗೆ ಜಿಂಕೆ, ನವಿಲು ಮಾಡಿಕೊಡುತ್ತಿದ್ದ. ಒಮ್ಮೆ ಒಂದು ವಸ್ತುಸಂಗ್ರಹಾಲಯದ ಕೆಲಸ ಸಿಕ್ಕಿತು, ಅದು ಇನ್ನೊಂದನ್ನು ತಂದಿತು. ನೆಲದಲ್ಲಿ ಪೂರ್ತಿ ಅಸ್ಥಿಪಂಜರ ಸಿಗುವುದು ಅಪರೂಪ. ಬಲಗಾಲು ಸಿಕ್ಕರೆ ಎಡಗಾಲು ಸಿಕ್ಕಿರುವುದಿಲ್ಲ. ಸಿಕ್ಕ ಎಲುಬಿನ ಅಚ್ಚಿನಿಂದ ಎಷ್ಟು ಪ್ರತಿ ತೆಗೆದರೂ ಬಲಗಾಲೇ ಬರುತ್ತದೆ. ಎಡಗಾಲನ್ನು ಮಣ್ಣಿನಲ್ಲಿ ಹೊಸದಾಗಿ ತಿದ್ದಬೇಕು. ಸುರೇಖಾ ಬಲಗಾಲಿನ ಪ್ರತಿಯ ಮುಂದೆ ದೊಡ್ಡ ಕನ್ನಡಿ ನಿಲ್ಲಿಸಿ, ಅದರೊಳಗಿನ ಕಾಲನ್ನು ನೋಡುತ್ತ ಎಡಗಾಲು ತಿದ್ದುತ್ತಿದ್ದಳು. ಅದರ ಮೇಲೆ ರೇವಣಪ್ಪ ರಬ್ಬರಿನ ಅಚ್ಚು ತೆಗೆದು ಫೈಬರಿನ ಎಲುಬು ಮಾಡುತ್ತಿದ್ದ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ತನ್ನ ಗದ್ದದೆತ್ತರದ ಒಂದು ತೊಡೆಯೆಲುಬನ್ನು ತಿದ್ದುತ್ತಿದ್ದಾಗ ಅವಳ ಕೈಯಿಂದ ಮಣ್ಣು ಕೆರೆಯುವ ತಂತಿ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಮೇಲೇಳಲಿಲ್ಲ. ಲಕ್ವಾ. ವಿಜಯಪುರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಸರಿಯಿತ್ತು, ಕಾಲೆಳೆದುಕೊಂಡು ನಡೆಯುತ್ತಿದ್ದಳು. ಎಡಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಅರ್ಧ ತಿದ್ದಿದ ಎಲುಬಿಗೆ ರೇವಣಪ್ಪ ಒದ್ದೆ ಗೋಣಿಚೀಲ ಸುತ್ತಿದ. ಮಣ್ಣು ಒಣಗಿದರೆ ಮುಂದೆ ತಿದ್ದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಚೀಲಕ್ಕೆ ನೀರು ಚಿಮುಕಿಸಿಯೇ ಚಹಾಕ್ಕೆ ಬರುತ್ತಿದ್ದ. ಕೈ ಬರುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನೀರು ಹಾಕುವುದನ್ನು ಬಿಡಲಿಲ್ಲ, ಅಷ್ಟೆ.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಭಾಗ್ಯಜ್ಯೋತಿ ಒಂದು ದಿನ, "ಅಕ್ಕಾರ, ಮನ್ಯಾಗ ದೊಡ್ಡ ಕನ್ನಡಿ ಐತೇನ್ರಿ?" ಎಂದು ಕೇಳಿದಳು.

ರೇವಣಪ್ಪ ಶೆಡ್ಡಿನಿಂದ ಕೆಲಸದ ಕನ್ನಡಿ ತಂದ. ಅಂಚಿನಲ್ಲಿ ಒಣಗಿದ ಮಣ್ಣು ಹಾಗೇ ಇತ್ತು. ಕನ್ನಡಿಯನ್ನು ಎರಡು ಕೈಗಳ ನಡುವೆ ನಿಲ್ಲಿಸಿ, ಎಡಗೈಯನ್ನು ಅದರ ಹಿಂದೆ ಮರೆಮಾಡಿ, ಬಲಗೈ ಆಡಿಸುತ್ತ ಕನ್ನಡಿಯನ್ನೇ ನೋಡಬೇಕು. ಆಡುತ್ತಿರುವುದು ಎಡಗೈಯೇ ಎಂದು ಮಿದುಳು ನಂಬಿದರೆ ಕೆಲವರಿಗೆ ಚಲನೆ ಮರಳುತ್ತದೆಯಂತೆ. 'ಕೆಲವರಿಗೆ' ಎಂಬುದನ್ನು ಭಾಗ್ಯಜ್ಯೋತಿ ಎರಡೆರಡು ಸಲ ಹೇಳಿದಳು.

ಸುರೇಖಾ ನಕ್ಕಳು. "ಇಷ್ಟ ದಿನ ಈ ಕನ್ನಡಿ ನೋಡಿ ಆ ಪ್ರಾಣಿಗೆ ಎಡಗಾಲು ಕೊಟ್ಟೇನಿ. ನನಗ ಎಡಗೈ ಕೊಡತೈತೇನು ನೋಡೂಣು."

ಬೇಸಿಗೆ ಪೂರ್ತಿ ಕೂತಳು. ಕನ್ನಡಿಯೊಳಗಿನ ಎಡಗೈ ಮುಷ್ಟಿ ಕಟ್ಟಿತು, ಬಿಚ್ಚಿತು, ಹಿಟ್ಟು ನಾದಿತು. ಕನ್ನಡಿ ಸರಿಸಿದರೆ ಹಿಂದಿನ ಕೈ ಇದ್ದಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಹೆಬ್ಬೆರಳು ಅಲುಗಿತೆಂದು ಗಂಡನನ್ನು ಕೂಗಿದಳು. ಅವನು ಕೈ ಒರೆಸಿಕೊಳ್ಳದೆ ಓಡಿಬಂದ. ಇಬ್ಬರೂ ಬೆರಳನ್ನೇ ನೋಡಿದರು. ಮತ್ತೆ ಅಲುಗಲಿಲ್ಲ. ಆದರೂ ಅಂದು ಸಂಜೆ ಅವನು ಚೀಲಕ್ಕೆ ಇನ್ನೊಮ್ಮೆ ನೀರು ಹಾಕಿದ.

ಕಾರಹುಣ್ಣಿಮೆ ಕಳೆದ ಮೇಲೆ ವಸ್ತುಸಂಗ್ರಹಾಲಯದವರು ಫೋನು ಮಾಡಿದರು. ಸುರೇಖಾಳ ಆರೋಗ್ಯ ವಿಚಾರಿಸಿದರು. ಬಲಗಾಲನ್ನೇ ಕಂಪ್ಯೂಟರಿನಲ್ಲಿ ತಿರುಗುಮುರುಗು ಮಾಡಿ ಎಡಗಾಲು ಮಾಡಿಸಿಕೊಂಡೆವು, ನೀವು ಅವಸರ ಮಾಡಬೇಡಿ ಎಂದು ಮೆತ್ತಗೆ ಹೇಳಿದರು. ರೇವಣಪ್ಪ ಅದನ್ನು ಹೆಂಡತಿಗೆ ಹೇಳಲು ಊಟ ಮುಗಿಯುವವರೆಗೆ ಕಾದ. ಅವಳು, "ಚಲೋ ಆತು," ಎಂದಷ್ಟೇ ಅಂದಳು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವನು ಎಂದಿನಂತೆ ತಂಬಿಗೆ ಹಿಡಿದು ಶೆಡ್ಡಿಗೆ ಹೊರಟಾಗ ಅವಳು ತಡೆದಳು.

"ಇನ್ನ ನೀರ ಹಾಕಬ್ಯಾಡ್ರಿ. ಒಡದು ಓಣಿ ಮಂದಿಗೆ ಕೊಡ್ರಿ. ಎತ್ತು ಮಾಡಾಕ ಬರತೈತಿ."

ಅವನು ತುಂಬಿದ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟ. ಆಮೇಲೆ ಚೀಲ ಬಿಚ್ಚಿದ.

ಓಣಿಯ ಹೆಂಗಸರು ಬುಟ್ಟಿ ತಂದರು. ಪಕ್ಕದ ಮನೆಯ ಗೌಸಬಿ ಮಣ್ಣು ತುಂಬಿಕೊಳ್ಳುತ್ತ, "ರಾಕ್ಷಸನ ಕಾಲಿನ ಮಣ್ಣು ಇದು. ಇದರ ಎತ್ತಿಗೆ ಮೇವು ಎಲ್ಲಿಂದ ತರೂಣು ಯವ್ವಾ?" ಎಂದಾಗ ಸುರೇಖಾ ಕೂಡ ನಕ್ಕಳು. ಎದ್ದು ನಿಂತಿದ್ದ ಎಲುಬು ಮಧ್ಯಾಹ್ನದೊಳಗೆ ಮನೆಮನೆಗೆ ಹಂಚಿಹೋಯಿತು.

ಮರುದಿನ, ಉಳಿದ ಮಣ್ಣನ್ನು ರೇವಣಪ್ಪ ಅವಳ ಮುಂದಿಟ್ಟ. ರೂಢಿಯಿಲ್ಲದ ಬಲಗೈ ಹೆಣಗಿ ಹೆಣಗಿ ಒಂದು ಎತ್ತು ಮಾಡಿತು. ಅಪ್ಪ ಮಾಡುತ್ತಿದ್ದ ಬಲದೆತ್ತು.

"ಜೋಡಿಗೆ?" ಎಂದ ಅವನು.

"ನೀವ ಮಾಡ್ರಿ. ಒಂಟೆತ್ತು ಪೂಜಿ ಮಾಡಬಾರದು."

ಜೀವಮಾನವೆಲ್ಲ ಇದ್ದದ್ದನ್ನು ಇದ್ದ ಹಾಗೆ ಅಚ್ಚು ತೆಗೆದ ಮನುಷ್ಯ. ಅವಳ ಎತ್ತನ್ನು ಎದುರಿಗಿಟ್ಟುಕೊಂಡು ಕೊಂಬು, ಡುಬ್ಬ, ಕತ್ತಿನ ತಿರುವು ಎಲ್ಲವನ್ನೂ ತಪ್ಪದೆ ಹಾಗೆಯೇ ಮಾಡಿದ. ಎರಡನ್ನೂ ದೇವರ ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟ.

ಎರಡೂ ಬಲದೆತ್ತು. ಅವಳದು ಪಕ್ಕದ ಎತ್ತಿನ ಕಡೆ ನೋಡುತ್ತಿತ್ತು. ಅವನದು ಅವಳದರ ಕಡೆ ತಿರುಗದೆ ಅದೇ ದಿಕ್ಕಿಗೆ, ತೆರೆದ ಬಾಗಿಲಾಚೆ, ಖಾಲಿ ಶೆಡ್ಡಿನತ್ತ ನೋಡುತ್ತಿತ್ತು.

"ಸರಿ ಆಗ್ಯಾವಿಲ್ಲೋ?" ಎಂದು ಅವನು ಕೇಳಿದ.

ಸುರೇಖಾ ಬಲಗೈಯಿಂದ ಎರಡರ ಹಣೆಗೂ ಕುಂಕುಮ ಹಚ್ಚಿದಳು. "ಸರಿ ಆಗ್ಯಾವ್ರಿ," ಎಂದಳು.