ಮಾಸ್ತಮ್ಮನ ಬೋಳು ಹಣೆ

ನಿಂಗಮ್ಮಜ್ಜಿ ಕುಂಕುಮದ ಬಟ್ಟಲಿಗೆ ಬೆರಳದ್ದಿದವರೇ ನನ್ನ ಹೊಸ ಪುಸ್ತಕದ ನುಣುಪಾದ ಪುಟಕ್ಕೆ ಒತ್ತಿಬಿಟ್ಟರು. ನಾನು ಹೌಹಾರಿದೆ. ಚನ್ನರಾಯಪಟ್ಟಣ ಸೀಮೆಯ ಮಾಸ್ತಿಗಲ್ಲು, ವೀರಗಲ್ಲು, ಹಕ್ಕಿ, ಹಾವುಗಳ ಬಗ್ಗೆ ವರ್ಷಗಟ್ಟಲೆ ಅಲೆದು ಬರೆದ ಪುಸ್ತಕ. ಗಂಡನ ಚಿತೆಯೇರಿದ ಮಾಸ್ತಮ್ಮನನ್ನು ಕೆತ್ತಿದ, ಅಜ್ಜಿಯ ಹೊಲದ ಬದುವಿನಲ್ಲಿರುವ ಮಾಸ್ತಿಗಲ್ಲಿನ ಚಿತ್ರವೂ ಅದರಲ್ಲಿತ್ತು. ಹಾಸನದ ಗ್ರಂಥಾಲಯಕ್ಕೆ ಕೊಡುವ ಮುಂಚೆ ಅವರಿಗೊಮ್ಮೆ ತೋರಿಸೋಣವೆಂದು ದಂಡಿಗನಹಳ್ಳಿಗೆ ಹೋಗಿದ್ದೆ.

“ಅಜ್ಜೀ, ಪುಸ್ತಕ ಹಾಳಾಗುತ್ತೆ!” ಎಂದೆ.

“ಆಳ್ಮಾಡಿರೋಳು ನೀನು ಕಣವ್ವ! ಮುತ್ತೈದೆ ಮಾಸ್ತಮ್ಮನ್ನ ಬೋಳು ಅಣೇಲಿ ನಿಲ್ಸಿ ಪೋಟ ಇಡ್ದಿದ್ದೀಯಲ್ಲ, ನೋಡ್ದೋರು ಏನಂದ್ಕಂಡಾರು?”

ಮಾತು ನಿಜವೇ. ಕೆತ್ತನೆ ಚೆನ್ನಾಗಿ ಕಾಣಲೆಂದು ಎಣ್ಣೆ, ಕುಂಕುಮವನ್ನೆಲ್ಲ ಉಜ್ಜಿ ತೊಳೆದೇ ನಾನು ಫೋಟೊ ತೆಗೆಯುವುದು. ಅಜ್ಜಿ ಪುಟ ತಿರುವುತ್ತಾ ಸಿಕ್ಕ ಕಲ್ಲಿಗೆಲ್ಲ ಬೊಟ್ಟಿಟ್ಟರು. ಹಾವುಗಳ ಅಧ್ಯಾಯದಲ್ಲಿ ಹೆಡೆಯೆತ್ತಿದ ನಾಗರಕ್ಕೂ ಒಂದು ಬಿತ್ತು. ಗೂಬೆಯ ಚಿತ್ರ ಬಂದಾಗ ಮಾತ್ರ ಮುಖ ಸಿಂಡರಿಸಿ ಮುಂದಕ್ಕೆ ಹೋದರು. ಕೊನೆಗೆ ಹಿಂಬದಿಯ ರಕ್ಷಾಪುಟದಲ್ಲಿ ನನ್ನ ಫೋಟೊ. ಅದನ್ನು ನೋಡಿದರು, ನನ್ನ ಖಾಲಿ ಹಣೆಯನ್ನೂ ನೋಡಿದರು. ಮತ್ತೆ ಬಟ್ಟಲಿಗೆ ಕೈ ಹಾಕಿದರು.

ಗ್ರಂಥಾಲಯಕ್ಕೆ ಬೇರೆ ಪ್ರತಿ ಕೊಟ್ಟೆ. ಅಜ್ಜಿಯ ಕೈಯಾಡಿದ ಪ್ರತಿ ನನ್ನಲ್ಲೇ ಇದೆ, ತೆರೆದಾಗೆಲ್ಲ ಮಡಿಲಿಗೆ ಚೂರು ಕುಂಕುಮ ಉದುರುತ್ತದೆ. ಮೊನ್ನೆ ಅರಕಲಗೂಡಿನ ಕಡೆ ಇನ್ನೊಂದು ಮಾಸ್ತಿಗಲ್ಲು ತೊಳೆದು ಫೋಟೊ ತೆಗೆದೆ. ಆಮೇಲೆ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು ಮಾಸ್ತಮ್ಮನ ಹಣೆಗಿಟ್ಟೆ. ಬೆರಳಲ್ಲಿ ಉಳಿದದ್ದನ್ನು ಒರೆಸಿಕೊಳ್ಳಲು ಬಟ್ಟೆ ಹುಡುಕಲಿಲ್ಲ, ನನ್ನ ಹಣೆ ಹತ್ತಿರದಲ್ಲೇ ಇತ್ತು.